ತಿರುವಿಗಾಗಿ ಹುಟ್ಟಿದ ಕಾರು

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ವಾಚನಾಲಯವೊಂದರ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ನಡುವೆ ಕರೆಂಟು ಹೋಗಿ ಮೈಕು ಸುಮ್ಮನಾದಾಗ ಬಿಟ್ಟುಹೋದ ಭಾಗವನ್ನು ಇಲ್ಲಿ ಸೇರಿಸಿದ್ದೇನೆ.)

ಅಧ್ಯಕ್ಷರೇ, ಎದುರು ಕುಳಿತಿರುವ ಹಿರಿಯರೇ, ತಾಯಂದಿರೇ, ಹಿಂದಿನ ಬೆಂಚಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳೇ. ನಿಮಗೆ ಅಂದೂ ಹಿಂದಿನ ಬೆಂಚೇ, ಇಂದೂ ಹಿಂದಿನ ಬೆಂಚೇ.

ಕಾರ್ಯದರ್ಶಿಗಳು ಫೋನು ಮಾಡಿ, "ಮಾಷ್ಟ್ರೇ, ಕರಪತ್ರದಲ್ಲಿ ವಿಷಯ ಏನೆಂದು ಹಾಕಲಿ?" ಎಂದು ಕೇಳಿದರು. "ಹಳೆಯ ಸ್ಪೋರ್ಟ್ಸ್ ಕಾರುಗಳು" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಹಳ ಮರ್ಯಾದೆಯಿಂದ, "ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ಆಗಲಿಕ್ಕಿಲ್ಲವೋ?" ಎಂದರು. ಅವರದು ತಪ್ಪಲ್ಲ. ಕಾಸರಗೋಡಿನ ಕನ್ನಡ ವೇದಿಕೆಗೆ ಅದರದೇ ಆದ ಪಥ್ಯವಿದೆ: ಯಕ್ಷಗಾನ, ಕವಿಗಳಾದ ಗೋವಿಂದ ಪೈ, ಕಯ್ಯಾರರು, ಗಡಿ ವಿವಾದದ ಮಹಾಜನ ವರದಿ. ಮಹಾಜನ ವರದಿಯ ಹೆಸರೆತ್ತದೆ ಒಂದು ಉಪನ್ಯಾಸ ಮುಗಿಸಬೇಕೆಂದು ಹಟ ತೊಟ್ಟು ಬಂದಿದ್ದೆ. ಎರಡನೆಯ ನಿಮಿಷದಲ್ಲೇ ಹೆಸರು ಬಂದುಬಿಟ್ಟಿತು. ಇರಲಿ.

ನಾನು ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವನು. ಆದ್ದರಿಂದ ಮೊದಲು ವ್ಯಾಖ್ಯೆ. ಸ್ಪೋರ್ಟ್ಸ್ ಕಾರು ಎಂದರೆ ವೇಗದ ಕಾರು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಸರಿಯಲ್ಲ. ಆ ಹೆಸರಿಗೆ ಜಗತ್ತಿನಲ್ಲೆಲ್ಲ ಮಾನ ತಂದುಕೊಟ್ಟ ಕಾರುಗಳಲ್ಲಿ ಒಂದು ಇಂಗ್ಲೆಂಡಿನ ಎಂ.ಜಿ. ಟಿ.ಸಿ. ತಯಾರಾದದ್ದು 1945ರಿಂದ 1949ರವರೆಗೆ, ಒಟ್ಟು ಹತ್ತು ಸಾವಿರದಷ್ಟು. ಎಂಜಿನು 1250 ಸಿಸಿ, ಶಕ್ತಿ 54 ಅಶ್ವಶಕ್ತಿಯ ಆಸುಪಾಸು. ಎಷ್ಟೇ ಒತ್ತಿದರೂ ಗಂಟೆಗೆ 120 ಕಿಲೋಮೀಟರ್ ದಾಟುವುದು ಕಷ್ಟ. ಇಂದು ನಿಮ್ಮ ಮನೆಯ ಅಂಗಳದಲ್ಲಿ ನಿಂತಿರುವ, ತರಕಾರಿ ತರಲು ಒಯ್ಯುವ ಸಣ್ಣ ಕಾರು ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಬಂದು ಇಂಥ ಎಂ.ಜಿ.ಗಳ ರುಚಿ ಹತ್ತಿಸಿಕೊಂಡ ಅಮೆರಿಕದ ಸೈನಿಕರು ಅದಕ್ಕೆ ಮರುಳಾದರು. ಅವರ ದೇಶದಲ್ಲಿ ಇದರ ಎರಡರಷ್ಟು ಶಕ್ತಿಯ ಕಾರುಗಳಿಗೇನು ಬರವಿರಲಿಲ್ಲ. ಅಲ್ಲಿಲ್ಲದ್ದು ಇಂಗ್ಲೆಂಡಿನ ಹಳ್ಳಿದಾರಿ. ಎರಡೂ ಬದಿಯಲ್ಲಿ ಬೇಲಿ, ನೂರು ಗಜಕ್ಕೊಂದು ತಿರುವು, ಎದುರಿನಿಂದ ದನ ಬಂದರೆ ನಿಲ್ಲಲೇಬೇಕು. ಅಂಥ ದಾರಿಯಲ್ಲಿ ತೆರೆದ, ತಗ್ಗಾದ, ಹಗುರವಾದ ಎರಡೇ ಸೀಟಿನ ಕಾರು ನೀವು ಹೇಳಿದ ಕಡೆಗೆ ತಟ್ಟನೆ ತಿರುಗುತ್ತದೆ. ಅದು ನೇರ ದಾರಿಗೆ ಮಾಡಿದ್ದಲ್ಲ. ತಿರುವಿಗಾಗಿ ಹುಟ್ಟಿದ್ದು.

ಬೇಲಿ, ತಿರುವು, ದನ. ಪೆರ್ಲದಿಂದ ವಿಟ್ಲಕ್ಕೆ ಹೋದವರಿಗೆ ಇನ್ನೇನು ವಿವರಿಸಬೇಕು?

ನಮ್ಮ ದೇಶದಲ್ಲಿ ಆಗ ಹೊರಗಿನ ಕಾರು ತರಿಸುವುದು ಸಾಮಾನ್ಯರಿಗೆ ಕನಸಿನ ಮಾತು. ಅಂಬಾಸಡರ್, ಫಿಯೆಟ್, ಸ್ಟಾಂಡರ್ಡ್ ಎಂಬ ಮೂರು ಹೆಸರುಗಳಲ್ಲಿ ನಮ್ಮ ಬಾಲ್ಯ ಕಳೆಯಿತು. ಅಂಬಾಸಡರ್ ಎಂಬುದು ಮಾರಿಸ್ ಆಕ್ಸ್‌ಫರ್ಡ್. ಕಲ್ಕತ್ತಾದ ಹತ್ತಿರದ ಉತ್ತರಪಾರಾದಲ್ಲಿ 2014ರವರೆಗೂ ಹುಟ್ಟುತ್ತಲೇ ಇತ್ತು. ಫಿಯೆಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಮೂರನೆಯದು ನನ್ನ ಪಕ್ಷ, ಸ್ಟಾಂಡರ್ಡ್ ಹೆರಾಲ್ಡ್. ಮದರಾಸಿನ ಹತ್ತಿರದ ವಂಡಲೂರಿನಲ್ಲಿ 1961ರಿಂದ ತಯಾರಾದದ್ದು. ಇಂಗ್ಲೆಂಡಿನಲ್ಲಿ ಇದರ ಹೆಸರು ಟ್ರಯಂಫ್ ಹೆರಾಲ್ಡ್. ಅಲ್ಲಿ 1959ರಲ್ಲಿ ಬಂತು.

ಈ ಹೆರಾಲ್ಡ್ ಹುಟ್ಟಿದ ಕತೆ ಸ್ವಾರಸ್ಯದ್ದು, ಸ್ವಲ್ಪ ಹೇಳುತ್ತೇನೆ. ಟ್ರಯಂಫ್ ಕಾರುಗಳನ್ನು ಮಾಡುತ್ತಿದ್ದ ಸ್ಟಾಂಡರ್ಡ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು 1953ರಲ್ಲಿ ಅವರ ಎದುರಾಳಿ ಕಂಪನಿಯೇ ಕೊಂಡುಬಿಟ್ಟಿತು. ಇಡೀ ಮೈಯನ್ನು ಒಂದೇ ಕಡೆ ಎರಕ ಹೊಯ್ದ ಹಾಗೆ ಮಾಡಿಸಿಕೊಳ್ಳುವ ದಾರಿ ಮುಚ್ಚಿತು. ಆಗ ಅವರು, ಬೇರೆಯವರೆಲ್ಲ ಬಿಟ್ಟುಹಾಕುತ್ತಿದ್ದ ಹಳೆಯ ಪದ್ಧತಿಗೆ ಮರಳಿದರು. ಕೆಳಗೆ ಗಟ್ಟಿ ಚಾಸಿ, ಅಂದರೆ ಚೌಕಟ್ಟು, ಅದರ ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ಮೈಯ ತುಂಡುಗಳನ್ನು ಬೋಲ್ಟು ಹಾಕಿ ಬಿಗಿಯುವುದು. ಇಟಲಿಯ ಟ್ಯೂರಿನಿನ ಜೊವಾನ್ನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟ. ಕೈ ಕಟ್ಟಿದ ಸ್ಥಿತಿಯಲ್ಲಿ ಮಾಡಿದ ಕಾರು. ಆದರೆ ಅದರಿಂದಲೇ ಒಂದು ವರವಾಯಿತು: ಮೇಲಿನದನ್ನು ಬಿಚ್ಚಿ, ಅದೇ ಮೂಲದ ಚಾಸಿಯನ್ನು ಗಿಡ್ಡ ಮಾಡಿ, ಬೇರೆ ಮೈ ಕೂರಿಸಿದರೆ ಬೇರೆಯೇ ಕಾರು. 1962ರಲ್ಲಿ ಹಾಗೆ ಹುಟ್ಟಿದ್ದು ಟ್ರಯಂಫ್ ಸ್ಪಿಟ್‌ಫೈರ್, ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಮಾಡಿದರು. ಅಂದರೆ ನನ್ನ ಹೆರಾಲ್ಡ್ ಸ್ಪಿಟ್‌ಫೈರಿನ ಅಕ್ಕ. ತಂಗಿ ವಿದೇಶದಲ್ಲಿ ಮೆರೆದಳು, ಅಕ್ಕ ಮದರಾಸಿನಲ್ಲಿ ಸಂಸಾರ ಹೂಡಿದಳು. ಮುಖ ನೋಡಿದರೆ ಒಂದೇ ಮನೆಯವರೆಂದು ಗೊತ್ತಾಗುತ್ತದೆ.

"ಹೆರಾಲ್ಡ್ ಎಲ್ಲಿಯ ಸ್ಪೋರ್ಟ್ಸ್ ಕಾರು ಮಾರಾಯರೇ?" ಎಂದು ನಮ್ಮ ಹಳೆಯ ಕಾರಿನವರ ಕೂಟದಲ್ಲೇ ಕೇಳುವವರಿದ್ದಾರೆ. 948 ಸಿಸಿ, ನಲವತ್ತು ಅಶ್ವಶಕ್ತಿಯೂ ಇಲ್ಲ. ಒಪ್ಪುತ್ತೇನೆ. ಆದರೆ ಅದು ಕೇವಲ ಇಪ್ಪತ್ತೈದು ಅಡಿ ವ್ಯಾಸದೊಳಗೆ ಸುತ್ತು ತಿರುಗುತ್ತದೆ. ಮುಳ್ಳೇರಿಯ ಪೇಟೆಯಲ್ಲಿ ಇಂದಿನ ದೊಡ್ಡ ಕಾರುಗಳು ಮೂರು ಬಾರಿ ಹಿಂದೆ ಮುಂದೆ ಹೋಗಿ ಹಾರ್ನು ಬೈಸಿಕೊಳ್ಳುವಾಗ ನಾನು ಒಂದೇ ಸಲಕ್ಕೆ ತಿರುಗಿಸಿಕೊಂಡು ಬಂದಿದ್ದೇನೆ. ಹಿಂದೆ ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನದ ಓಡುದಾರಿಯಲ್ಲಿ ಕಾರು ರೇಸು ನಡೆಯುತ್ತಿತ್ತು. ಅಲ್ಲಿ ಹೆರಾಲ್ಡುಗಳೂ ಫಿಯೆಟ್ಟುಗಳೂ ಓಡಿದವು. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಬಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಫೈಬರ್ ಗ್ಲಾಸಿನ ಮೈ, 848 ಸಿಸಿ ಎಂಜಿನು, ಎರಡೇ ಬಾಗಿಲು, ಹತ್ತಿಯ ಹಾಗೆ ಹಗುರ. ಮಾರುತಿ ಬಂದಮೇಲೆ ಪೇಟೆಯಲ್ಲಿ ಅದನ್ನು ಕೇಳುವವರಿರಲಿಲ್ಲ, ಆದರೆ ರ‍್ಯಾಲಿಯವರು ಹುಡುಕಿಕೊಂಡು ಹೋಗಿ ಕೊಂಡರು. ಕರ್ನಾಟಕದಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಡಾಲ್ಫಿನ್ ಎನ್ನುತ್ತೇನೆ. ಮಾಡಿದವರು ಹಾಗೆ ಹೇಳಿಕೊಂಡಿದ್ದರೋ ಇಲ್ಲವೋ, ಓಡಿಸಿದವರು ಹಾಗೆ ಓಡಿಸಿದರು.

ನನ್ನ ಹೆರಾಲ್ಡ್ 1967ರದ್ದು, ಎರಡು ಬಾಗಿಲಿನದು. 1998ರಲ್ಲಿ ಪುತ್ತೂರು ಕಡೆಯ ಒಂದು ಮನೆಯ ಕೊಟ್ಟಿಗೆಯಿಂದ ಎಳೆದು ತಂದೆ. ಮೇಲೆ ಅಡಿಕೆ ಸಿಪ್ಪೆಯ ಗೋಣಿಗಳು, ಒಳಗೆ ಕೋಳಿ ಕಾವು ಕುಳಿತಿತ್ತು. ಮನೆಯ ಯಜಮಾನರು ಕಾರಿಗೆ ಇಪ್ಪತ್ತೆರಡು ಸಾವಿರ ತೆಗೆದುಕೊಂಡರು, ಕೋಳಿಯನ್ನು ಇಳಿಸಿಕೊಂಡರು. ಮನೆಗೆ ತಂದಾಗ ನನ್ನ ಹೆಂಡತಿ ಏನೂ ಹೇಳಲಿಲ್ಲ. ನಾಲ್ಕು ದಿನ ಏನೂ ಹೇಳಲಿಲ್ಲ.

ಈಗ ಕೂಟದ ಸಂಗತಿಗೆ ಬರುತ್ತೇನೆ.

ನಾವು ಎಂಟು ಹತ್ತು ಮಂದಿ. ಸಂಘವಲ್ಲ, ರಿಜಿಸ್ಟ್ರೇಷನ್ ಇಲ್ಲ, ಅಧ್ಯಕ್ಷರಿಲ್ಲ. ಅಧ್ಯಕ್ಷರಿದ್ದಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ. (ವೇದಿಕೆಯ ಮೇಲಿರುವವರು ಕ್ಷಮಿಸಬೇಕು.) ಎರಡು ಪದ್ಮಿನಿ, ಒಂದು ಮಾರ್ಕ್ ಟು ಅಂಬಾಸಡರ್, ಒಂದು ಕಾಂಟೆಸ್ಸಾ, ಒಂದು ಡಾಲ್ಫಿನ್, ಒಂದು ಹಳೆಯ ಜೀಪು, ನನ್ನ ಹೆರಾಲ್ಡ್. ಮಂಗಳೂರಿನಿಂದ ಅಪರೂಪಕ್ಕೆ ಒಂದು ಎಂ.ಜಿ. ಬರುತ್ತದೆ. ಅದು ಬಂದ ದಿನ ನಮ್ಮ ಕಾರುಗಳೆಲ್ಲ ಮದುಮಗನ ಹಿಂದೆ ನಡೆಯುವ ದಿಬ್ಬಣದಂತೆ ಕಾಣುತ್ತವೆ. ಕೆಲವಕ್ಕೆ ಕೆಎಲ್ 14ರ ಫಲಕ, ಕೆಲವಕ್ಕೆ ಕೆಎ 19, ಒಂದಕ್ಕೆ ಕೆಎ 21. ಗಡಿ ನಮ್ಮ ಕೂಟದ ನಡುವೆಯೇ ಹಾದುಹೋಗುತ್ತದೆ. ಮಾತೂ ಹಾಗೆಯೇ: ಎಂಜಿನಿನ ಕಾಯಿಲೆಯನ್ನು ಮಲಯಾಳದಲ್ಲಿ ಹೇಳುತ್ತೇವೆ, ಒಬ್ಬರನ್ನೊಬ್ಬರು ಗೇಲಿ ಮಾಡುವುದು ತುಳುವಿನಲ್ಲಿ, ಖರ್ಚು ಪಾಲು ಮಾಡುವಾಗ ಎಲ್ಲರೂ ಹೇಗೋ ಕನ್ನಡಕ್ಕೆ ಬರುತ್ತೇವೆ.

ಹೊರಡುವುದು ಮಳೆಗಾಲ ಕಳೆದ ಮೇಲೆ, ಬಿಸಿಲು ಏರುವ ಮೊದಲು. ಡಿಸೆಂಬರಿನಿಂದ ಫೆಬ್ರವರಿಯ ಒಳಗಿನ ಭಾನುವಾರಗಳು. ಬೆಳಗ್ಗೆ ಆರಕ್ಕೆ ಬದಿಯಡ್ಕದಲ್ಲಿ ಸೇರಬೇಕೆಂದು ಮಾತು. ಆರಕ್ಕೆ ಬರುವವರು ಒಬ್ಬರೇ, ಒಂದು ಪದ್ಮಿನಿಯ ಒಡತಿ. ನಿವೃತ್ತ ನರ್ಸು, ನಾವೆಲ್ಲ ಅಕ್ಕ ಎನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ಆ ಕಾರನ್ನು ಮಾರಲು ಎಲ್ಲರೂ ಹೇಳಿದರಂತೆ. ಅವರು ಮಾರಲಿಲ್ಲ, ಓಡಿಸಲು ಕಲಿತರು. ನಮ್ಮಲ್ಲಿ ಅತಿ ನಯವಾಗಿ ಗೇರು ಬದಲಿಸುವವರು ಅವರೇ. ಪದ್ಮಿನಿಯ ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಅದನ್ನು ಸದ್ದಿಲ್ಲದೆ ಹಾಕುವುದು ಎಲ್ಲರ ಕೈಗೂ ಒಲಿಯುವುದಿಲ್ಲ.

ಉಳಿದವರು ಆರೂವರೆಯಿಂದ ಏಳರ ಒಳಗೆ ಬರುತ್ತಾರೆ. ಬಂದವರು ಮೊದಲು ಮಾಡುವ ಕೆಲಸ ಬಾನೆಟ್ ಎತ್ತುವುದು. ಇಡೀ ದಿನದಲ್ಲಿ ನನಗೆ ಅತಿ ಇಷ್ಟವಾದ ಅರ್ಧ ಗಂಟೆ ಇದು. ಹೆರಾಲ್ಡಿನ ಬಾನೆಟ್ ಬೇರೆ ಕಾರುಗಳ ಹಾಗಲ್ಲ, ಎರಡೂ ಕಡೆಯ ಮಡ್‌ಗಾರ್ಡಿನ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ. ಮುಂದಿನ ಟಯರಿನ ಮೇಲೆ ಹಾಯಾಗಿ ಕುಳಿತು ಎಂಜಿನನ್ನು ನೋಡಬಹುದು. ಒಂದು ಟಯರಿನ ಮೇಲೆ ನಾನು, ಇನ್ನೊಂದರ ಮೇಲೆ ಇಚ್ಚ. ಇಚ್ಚ ಎಂದರೆ ನಮ್ಮ ಮೆಕ್ಯಾನಿಕ್. ಅವರ ಹೆಸರು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ. ಕಾರಿಲ್ಲದೆಯೂ ಕೂಟಕ್ಕೆ ಬರಲೇಬೇಕಾದವರು ಅವರೊಬ್ಬರೇ. ಇಂದೂ ಬಂದಿದ್ದಾರೆ, ಬಾಗಿಲ ಹತ್ತಿರ ಕುಳಿತಿದ್ದಾರೆ. ಒಳಗೆ ಬನ್ನಿ ಎಂದರೆ ಬರುವುದಿಲ್ಲ.

ಮಾರ್ಗ ಬದಿಯಡ್ಕ, ಪೆರ್ಲ, ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ. ಸುಮಾರು ನಲವತ್ತು ಕಿಲೋಮೀಟರು. ಎಲ್ಲಿಗೆ ಹೋಗುತ್ತೀರಿ ಎಂದರೆ ಚಹಾ ಕುಡಿಯಲು. ಕಲ್ಲಡ್ಕದ ಕೆ.ಟಿ. ನಿಮಗೆಲ್ಲ ಗೊತ್ತು: ಗಾಜಿನ ಲೋಟದಲ್ಲಿ ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ಕಲಸುವವರೆಗೆ ಎರಡೂ ಸೇರುವುದಿಲ್ಲ. ಒಂದು ಲೋಟ ಚಹಾಕ್ಕೆ ನಲವತ್ತು ಕಿಲೋಮೀಟರು ಹೋಗಿ ನಲವತ್ತು ಕಿಲೋಮೀಟರು ಬರುವುದೇ ಎಂದು ನನ್ನ ಮಗ ಕೇಳುತ್ತಾನೆ. ಅವನು ಬೆಂಗಳೂರಿನಲ್ಲಿ ಕಚೇರಿಗೆ ಹೋಗಿ ಬರಲು ಅಷ್ಟೇ ದೂರ ದಿನವೂ ಓಡಾಡುತ್ತಾನೆ. ಅಲ್ಲಿ ಅವನಿಗೆ ಚಹಾವೂ ಚೆನ್ನಾಗಿ ಸಿಗುವುದಿಲ್ಲ.

ಪೆರ್ಲ ಕಳೆದ ಮೇಲೆ ರಸ್ತೆ ಅಡಿಕೆ ತೋಟದ ಅಂಚು ಹಿಡಿದು ಇಳಿಯುತ್ತದೆ, ಏರುತ್ತದೆ, ಮುರಕಲ್ಲಿನ ಬರೆಯ ಪಕ್ಕದಲ್ಲಿ ಮೈ ತಿರುಚುತ್ತದೆ. ಇಲ್ಲಿ ಹೆರಾಲ್ಡಿಗೆ ನಲವತ್ತರ ವೇಗ ಸಾಕು. ಯಾಕೆ ಸಾಕು ಎಂಬುದಕ್ಕೆ ಲೆಕ್ಕವಿದೆ. ವೇಗವನ್ನು ನಾವು ಅಳೆಯುವುದು ಮೀಟರಿನಿಂದಲ್ಲ, ಕಣ್ಣಿನ ಕೆಳಗೆ ನೆಲ ಹಿಂದಕ್ಕೆ ಹರಿಯುವುದರಿಂದ. ಕಣ್ಣು ನೆಲಕ್ಕೆ ಹತ್ತಿರವಾದಷ್ಟೂ ಆ ಹರಿವು ರಭಸವಾಗಿ ಕಾಣುತ್ತದೆ. ಎತ್ತರ ಅರ್ಧಕ್ಕಿಳಿದರೆ ಅದೇ ವೇಗ ಎರಡರಷ್ಟಾಗಿ ತೋರುತ್ತದೆ. ದೊಡ್ಡ ಕಾರಿನ ಅಟ್ಟದಲ್ಲಿ ಕುಳಿತವನಿಗೆ ಎಂಬತ್ತರಲ್ಲೂ ತೂಕಡಿಕೆ. ಎಂ.ಜಿ.ಯೊಳಗೆ ಕುಳಿತವನು ಬಾಗಿಲಿನಿಂದ ಕೈ ಚಾಚಿದರೆ ರಸ್ತೆ ಮುಟ್ಟಬಹುದು. ಅವನಿಗೆ ಐವತ್ತು ಎಂದರೆ ಎದೆ ಬಡಿತ. ಈ ಕಾರುಗಳು ಕಡಿಮೆ ವೇಗದಲ್ಲಿ ಹೆಚ್ಚು ಸುಖ ಕೊಡುವ ಯಂತ್ರಗಳು. ನನಗೆ ತಿಳಿದಂತೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಅಪಾಯ ಕಡಿಮೆಯಾದ ವೇಗ ಬೇರಿಲ್ಲ.

ಅಪಾಯವೇ ಇಲ್ಲವೆಂದಲ್ಲ. ಹೆರಾಲ್ಡಿನ ಹಿಂದಿನ ಚಕ್ರಗಳಿಗೆ ಒಂದು ದುರ್ಗುಣವಿದೆ. ಅವು ನಡುವಿನ ಒಂದು ಕೀಲಿನಿಂದ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುತ್ತವೆ. ತಿರುವಿನಲ್ಲಿ ಜೋರಾಗಿ ಹೋಗುತ್ತಾ ಹೆದರಿ ತಟ್ಟನೆ ಬ್ರೇಕು ಹಾಕಿದರೆ ಹೊರಗಿನ ಚಕ್ರ ಕಾರಿನ ಅಡಿಗೆ ಮಡಚಿಕೊಳ್ಳಲು ನೋಡುತ್ತದೆ, ಹಿಂಭಾಗ ದಾರಿ ಬಿಟ್ಟು ಹೊರಡುತ್ತದೆ. ಆದ್ದರಿಂದ ನಿಯಮ ಒಂದೇ: ವೇಗ ಇಳಿಸುವುದು ತಿರುವಿಗೆ ಮೊದಲು, ತಿರುವಿನ ಒಳಗೆ ಕಾಲು ಅಲುಗಬಾರದು. ನಾನು ಒಮ್ಮೆ ಅಡ್ಕಸ್ಥಳದ ಇಳಿಜಾರಿನಲ್ಲಿ ಇದನ್ನು ಮರೆತೆ. ಕಾರು ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ನಿಂತಿತು. ಹಿಂದಿನಿಂದ ಬಂದ ಅಕ್ಕ ಪದ್ಮಿನಿ ನಿಲ್ಲಿಸಿ, "ಏನು ಮಾಷ್ಟ್ರೇ, ಏನಾದರೂ ಮರೆತು ಬಂದಿರಾ?" ಎಂದು ಕೇಳಿದರು.

ಸಾರಡ್ಕದ ಏರಿನ ಹೊತ್ತಿಗೆ ಯಾವುದಾದರೂ ಒಂದು ಕಾರು ನಿಲ್ಲುತ್ತದೆ. ಇದಕ್ಕೆ ತಪ್ಪಿಲ್ಲ. ಹೆಚ್ಚಾಗಿ ವೇಪರ್ ಲಾಕ್: ಎಂಜಿನಿನ ಬಿಸಿಗೆ ಪಂಪಿನಲ್ಲಿ ಪೆಟ್ರೋಲು ಆವಿಯಾಗುತ್ತದೆ, ದ್ರವವನ್ನು ತಳ್ಳಬೇಕಾದ ಪಂಪು ಗಾಳಿಯನ್ನು ಅಗಿಯುತ್ತಾ ಕೂರುತ್ತದೆ. ಮದ್ದು ಎಂದರೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದು. ಆ ಹತ್ತು ನಿಮಿಷದಲ್ಲಿ ಎಲ್ಲ ಕಾರುಗಳೂ ನಿಲ್ಲುತ್ತವೆ, ಡಿಕ್ಕಿಗಳು ತೆರೆಯುತ್ತವೆ, ಹಲಸಿನ ಹಪ್ಪಳದ ಡಬ್ಬ, ಪುನರ್ಪುಳಿ ಶರಬತ್ತಿನ ಬಾಟಲಿ ಹೊರಗೆ ಬರುತ್ತವೆ. ಪಕ್ಕದ ಮನೆಯ ಅಂಗಳದಿಂದ ಯಾರಾದರೂ ಒಬ್ಬರು ಬಂದು ನಿಲ್ಲುತ್ತಾರೆ. ಮೊದಲು ಎಲ್ಲ ಕಾರುಗಳನ್ನೂ ಸುತ್ತಿ ನೋಡುತ್ತಾರೆ. ನಂತರ, "ನಮ್ಮ ದೊಡ್ಡಪ್ಪನಲ್ಲಿ ಇಂಥದ್ದೇ ಒಂದು ಇತ್ತು" ಎಂದು ಆರಂಭಿಸುತ್ತಾರೆ. ಆ ದೊಡ್ಡಪ್ಪ ಯಾವ ಇಸವಿಯಲ್ಲಿ ಎಲ್ಲಿಂದ ತಂದರು, ಯಾರ ಹೆರಿಗೆಗೆ ನಡುರಾತ್ರಿ ಮಂಗಳೂರಿಗೆ ಒಯ್ದರು, ಕೊನೆಗೆ ಯಾರಿಗೆ ಎಷ್ಟಕ್ಕೆ ಮಾರಿ ಮೂರು ದಿನ ಊಟ ಬಿಟ್ಟರು, ಎಲ್ಲ ಬರುತ್ತದೆ. ನಾನು ಇಂಥ ಎಷ್ಟೋ ದೊಡ್ಡಪ್ಪಂದಿರನ್ನು ಅವರ ಕಾರಿನ ಮೂಲಕವೇ ಬಲ್ಲೆ. ಹೊಸ ಕಾರು ಕೆಟ್ಟು ನಿಂತರೆ ಜನ ನೋಡಿಕೊಂಡು ಹೋಗುತ್ತಾರೆ. ಹಳೆಯದು ನಿಂತರೆ ಕುರ್ಚಿ ತರುತ್ತಾರೆ.

ಬರುವಾಗ ವಿಟ್ಲದಿಂದ ಕನ್ಯಾನ, ಬಾಯಾರು ಸುತ್ತಿ ಪೊಸಡಿಗುಂಪೆಯ ಬುಡದಲ್ಲಿ ಬುತ್ತಿ ಬಿಚ್ಚುತ್ತೇವೆ. ಹತ್ತುವವರು ಹತ್ತುತ್ತಾರೆ. ಮೇಲಿನಿಂದ ಪಡುವಣದ ಕಡಲು ಕಾಣುತ್ತದೆ ಎನ್ನುತ್ತಾರೆ. ನಾನು ಈಚೆಗೆ ಕೆಳಗೆ ಕುಳಿತು ಅವರ ಮಾತನ್ನು ನಂಬುತ್ತೇನೆ.

ಒಂದು ಸಲ ಹೊಸ ಷಟ್ಪಥ ಹೆದ್ದಾರಿಯಲ್ಲಿ ಹೋಗೋಣ ಎಂದು ಕಾಂಟೆಸ್ಸಾದವರು ಹಟ ಹಿಡಿದರು. ಚೆರ್ಕಳದ ಕಡೆಯಿಂದ ಏರಿ ತಲಪಾಡಿಯವರೆಗೆ. ಹೋದೆವು. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದೇ ಅದರ ಬಗ್ಗೆ ಹೇಳಬೇಕಾದ್ದು. ಎರಡು ಕಡೆ ಕಾಂಕ್ರೀಟಿನ ಗೋಡೆ. ಕುಂಬಳೆ ಎಲ್ಲಿ ಬಂತು, ಉಪ್ಪಳ ಎಲ್ಲಿ ಹೋಯಿತು ಎಂದು ಹಸಿರು ಫಲಕ ನೋಡಿ ತಿಳಿಯಬೇಕು. ಲಾರಿಗಳು ನಮ್ಮನ್ನು ದಾಟಿಹೋದಾಗ ಹೆರಾಲ್ಡ್ ಗಾಳಿಗೆ ಒಲೆದಾಡಿತು, ರೇಡಿಯೇಟರಿನ ಮುಳ್ಳು ಮೇಲೇರಿತು, ಒಂದೊಂದು ಕಾರು ಒಂದೊಂದು ಕಡೆಯಾಯಿತು. ಯಾರಿಗೂ ಯಾರೂ ಕಾಣಲಿಲ್ಲ, ಯಾವ ದೊಡ್ಡಪ್ಪನ ಸುದ್ದಿಯೂ ಸಿಗಲಿಲ್ಲ. ಆ ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಿಂದ ಆಂಬುಲೆನ್ಸುಗಳು ಓಡುವುದು ಮಂಗಳೂರಿನ ಆಸ್ಪತ್ರೆಗಳಿಗೆ. 2020ರಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಏನಾಯಿತೆಂದು ಈ ಸಭೆಯಲ್ಲಿ ನೆನಪಿಸಬೇಕಾಗಿಲ್ಲ. ಬೇಗ ತಲುಪಬೇಕಾದವರಿಗೆ ಆ ರಸ್ತೆ ಇರಲಿ. ನಮಗೆ ಬೇಗ ತಲುಪಬೇಕಾದ್ದೇನಿಲ್ಲ. ಸರಕಾರಗಳು ಮರೆತ ಕಾರಣ ಅಗಲವಾಗದೆ ಉಳಿದ ಒಳದಾರಿಗಳು ಈ ಗಡಿಯ ಎರಡೂ ಕಡೆ ಧಾರಾಳವಾಗಿವೆ. ನಿರ್ಲಕ್ಷ್ಯದಿಂದ ನಮಗಾದ ಲಾಭ ಬಹುಶಃ ಅದೊಂದೇ.

ಈಗ ಕರೆಂಟು ಹೋದಾಗ ಬಿಟ್ಟ ಭಾಗ. ಹಳೆಯ ಕಾರು ಓಡಿಸಿದರೆ ಸವೆಯುತ್ತದೆ ಎಂದು ಜನ ಷೆಡ್ಡಿನಲ್ಲಿ ಮುಚ್ಚಿಡುತ್ತಾರೆ. ನಮ್ಮ ಹವೆಯಲ್ಲಿ ಅದು ಕೊಲೆಗೆ ಸಮ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಮೇಲಿನಿಂದ ಕಡಲಿನ ಉಪ್ಪುಗಾಳಿ. ನಿಂತ ಕಾರಿನ ಬ್ರೇಕು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಕ್ಲಚ್ಚು ಅಂಟುತ್ತದೆ, ವಯರುಗಳನ್ನು ಇಲಿ ತಿನ್ನುತ್ತದೆ, ಸೀಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಆ ಎಂ.ಜಿ. ಟಿ.ಸಿ.ಯ ಮೈಯ ಒಳಗಟ್ಟು ಮರದ್ದು, ಆಶ್ ಎಂಬ ಇಂಗ್ಲಿಷ್ ಮರ. ಅದಕ್ಕೆ ಒರಲೆ ಹತ್ತಿದರೆ ಕಾರಿಗೆ ಮೆಕ್ಯಾನಿಕನ್ನಲ್ಲ, ಬಡಗಿಯನ್ನು ಕರೆಯಬೇಕು. ಪೆಟ್ರೋಲಿನ ಕತೆ ಬೇರೆ. 2000ದ ಫೆಬ್ರವರಿಯಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು, ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನುಗಳ ವಾಲ್ವುಗಳು ಆ ಸೀಸವನ್ನು ನಂಬಿಕೊಂಡಿದ್ದವು. ಈಗಿನದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ತಳಕ್ಕಿಳಿದು ತುಕ್ಕು ಹಿಡಿಸುತ್ತದೆ, ಹಳೆಯ ಕಾಲದ ರಬ್ಬರು ಪೈಪನ್ನು ಮೆತ್ತಗಾಗಿಸುತ್ತದೆ. ಪೈಪುಗಳನ್ನು ಬದಲಿಸಿ, ಟ್ಯಾಂಕಿನಲ್ಲಿ ಪೆಟ್ರೋಲು ಹಳಸಲು ಬಿಡಬೇಡಿ, ಹದಿನೈದು ದಿನಕ್ಕೊಮ್ಮೆ ಓಡಿಸಿ. ಅಷ್ಟೇ.

ಕಾನೂನೂ ಈಗ ವಿಚಿತ್ರ ರೀತಿಯಲ್ಲಿ ನಮ್ಮ ಕಡೆಗಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ನೋಂದಣಿ ತಂದಿತು. ಫಲಕದಲ್ಲಿ ವಿ.ಎ. ಎಂಬ ಅಕ್ಷರ ಬರುತ್ತದೆ, ಹತ್ತು ವರ್ಷಕ್ಕೆ ನೋಂದಣಿ, ಹೊಸದಾಗಿ ಮಾಡಿಸಲು ಇಪ್ಪತ್ತು ಸಾವಿರ ಶುಲ್ಕ. ಆದರೆ ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಅಂದರೆ ಹೆಂಡತಿಯನ್ನು ಮಧೂರು ದೇವಸ್ಥಾನಕ್ಕೆ ಕರೆದೊಯ್ಯುವಂತಿಲ್ಲ, ರ‍್ಯಾಲಿಗೆ ಕರೆದೊಯ್ಯಬಹುದು. ನಾನು ಇನ್ನೂ ಆ ಫಲಕಕ್ಕೆ ಹೋಗಿಲ್ಲ. ಮಧೂರಿನ ಅಪ್ಪ ಪ್ರಸಾದ ನನಗೆ ಬೇಕು.

ಕಾನೂನು ಮತ್ತು ಕಾರಿನ ಜಗಳ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದು ಹೋಗಲೇಬೇಕಿತ್ತು. 1896ರ ನವೆಂಬರ್ 14ರಂದು ಆ ಕಟ್ಟಳೆ ಹೋಗಿ ವೇಗದ ಮಿತಿ ಗಂಟೆಗೆ 14 ಮೈಲಿಗೆ ಏರಿದ ಖುಷಿಗೆ ಲಂಡನ್ನಿನಿಂದ ಬ್ರೈಟನ್ನಿನ ಕಡಲ ದಂಡೆಗೆ ಕಾರುಗಳ ಮೆರವಣಿಗೆ ಹೊರಟಿತು. ಅದರ ನೆನಪಿನ ಓಟ ಇಂದಿಗೂ ನವೆಂಬರಿನಲ್ಲಿ ನಡೆಯುತ್ತದೆ, 1905ಕ್ಕೆ ಮೊದಲಿನ ಕಾರುಗಳಿಗೆ ಮಾತ್ರ. ಮೊದಲು ಬಂದವರಿಗೆ ಬಹುಮಾನವಿಲ್ಲ, ಸಂಜೆಯೊಳಗೆ ತಲುಪಿದರೆ ಸಾಕು. ಇದು ನನಗೆ ಒಪ್ಪಿಗೆಯಾದ ಪದ್ಧತಿ.

ಒಪ್ಪಿಗೆಯಾಗದ್ದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಹಳೆಯ ಕಾರುಗಳ ಪ್ರದರ್ಶನಕ್ಕೆ ಕರೆದರು. ಊರಿನ ಹೆಸರು ಬೇಡ. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಸುತ್ತ ಹಗ್ಗ ಕಟ್ಟಿದರು. ಉದ್ಘಾಟಕರು ಬರುವಾಗ ಹನ್ನೆರಡೂವರೆ. ಅಷ್ಟರಲ್ಲಿ ಅಂಬಾಸಡರಿನ ಸ್ಟಿಯರಿಂಗು ಮುಟ್ಟಿದರೆ ಬೊಬ್ಬೆ ಏಳುವಷ್ಟು ಬಿಸಿ. ಬಹುಮಾನ ಬಂದದ್ದು ಲಾರಿಯ ಮೇಲೆ ಹೊತ್ತು ತಂದ, ಕನ್ನಡಿಯಂತೆ ಹೊಳೆಯುವ ಒಂದು ಕಾರಿಗೆ. ಅದರ ಎಂಜಿನು ಆ ದಿನ ಒಮ್ಮೆಯೂ ಚಾಲೂ ಆಗಲಿಲ್ಲ. ಅಕ್ಕ ಹಗ್ಗದ ಗಂಟು ಬಿಚ್ಚಿ ಪದ್ಮಿನಿಯನ್ನು ಹೊರಗೆ ತಂದರು, ಹಿಂದೆಯೇ ನಾವೂ ಬಂದೆವು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಒಳ್ಳೆಯ ಸಂಗ್ರಹಾಲಯವಿದೆ, ನೋಡಲು ಅಲ್ಲಿಗೇ ಹೋಗಬಹುದು. ನಾವು ಹೊರಡುವುದು ನೋಡಿಸಲಿಕ್ಕಲ್ಲ.

ಸಾಕು. ಪ್ರಶ್ನೆಗಳಿದ್ದರೆ ಕೇಳಿ.

(ಮೊದಲ ಪ್ರಶ್ನೆ, ನಿರೀಕ್ಷಿಸಿದ್ದಂತೆಯೇ: ಎಷ್ಟು ಮೈಲೇಜು?)

ನಡೆದಾಗ ಹನ್ನೆರಡು. ನಿಂತಾಗ ಲೆಕ್ಕವಿಲ್ಲ.

(ಇದು ಹಣವಿದ್ದವರ ಹವ್ಯಾಸವಲ್ಲವೇ?)

ಎಂ.ಜಿ. ಬೇಕೆಂದರೆ ಹೌದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನದು ಮಾಷ್ಟ್ರ ಪಿಂಚಣಿ. ಬುಷ್ಷು, ಪಿನ್ನು, ಸಣ್ಣಪುಟ್ಟ ಭಾಗಗಳನ್ನು ಲೇತಿನಲ್ಲಿ ಕಡೆಯಿಸಿಕೊಳ್ಳುತ್ತೇವೆ. ತಂಗಿ ಸ್ಪಿಟ್‌ಫೈರ್ ಜನಪ್ರಿಯಳಾದ ಕಾರಣ ಕೆಲವು ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ, ಅಕ್ಕನಿಗೂ ಹೊಂದುತ್ತವೆ. ವರ್ಷಕ್ಕೆ ನನಗೆ ತಗಲುವುದು ಒಂದು ಒಳ್ಳೆಯ ಮೊಬೈಲಿನ ಬೆಲೆ. ಮೊಬೈಲನ್ನು ನಾನು ಬದಲಿಸುವುದಿಲ್ಲ.

(ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ: ಇಚ್ಚನ ನಂತರ ಇವುಗಳನ್ನು ರಿಪೇರಿ ಮಾಡುವವರು ಯಾರು, ಸರ್?)

ಇದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. ಬಾಗಿಲ ಕಡೆಗೆ ನೋಡಿದೆ. ಇಚ್ಚ ಎದ್ದು ನಿಂತರು. ಮೈಕಿನ ಹತ್ತಿರ ಬರಲು ಒಪ್ಪಲಿಲ್ಲ, ಅಲ್ಲಿಂದಲೇ ಮಾತನಾಡಿದರು. ಎಂಜಿನಿಗೆ ಕಿಡಿ ಕೊಡಿಸುವ ಪಾಯಿಂಟಿನ ನಡುವಿನ ಸಂದು ಒಂದು ಇಂಚಿನ ಸಾವಿರದಲ್ಲಿ ಹದಿನೈದು ಪಾಲು ಇರಬೇಕು, ಅದು ತನ್ನ ಕಣ್ಣಿಗೆ ಕಾಣದೆ ಮೂರು ವರ್ಷವಾಯಿತು ಎಂದರು. ಈಗ ಅದನ್ನು ಹೊಂದಿಸುವವಳು ಮೊಮ್ಮಗಳು, ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಓದುತ್ತಿದ್ದಾಳೆ. "ಅವಳಿಗೆ ಕಣ್ಣಿದೆ, ನನಗೆ ಕಿವಿ ಇದೆ. ಇಬ್ಬರೂ ಸೇರಿದರೆ ಒಬ್ಬ ಮೆಕ್ಯಾನಿಕ್" ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರು ಕೂರಲಿಲ್ಲ.

"ಮಾಷೆ, ನೀವು ಬರುವಾಗ ಕೇಳಿದೆ. ಮೂರನೆಯ ಸಿಲಿಂಡರಿನ ಟ್ಯಾಪೆಟ್ ಸದ್ದು ಮಾಡುತ್ತಿದೆ. ಮಂಗಳವಾರ ತನ್ನಿ. ಅವಳಿಗೆ ಅಂದು ಕ್ಲಾಸಿಲ್ಲ."